ಮೂರು ಸಲ ಆಫು

ಗುಂಡ್ಲುಪೇಟೆ
12 ಏಪ್ರಿಲ್ 1998

ಮಗಳು ರಂಜಿನಿಗೆ ಅಪ್ಪನ ಆಶೀರ್ವಾದ.

ನಿಮ್ಮ ಮದರಾಸಿನ ಸಂಸ್ಥೆಯ ಪೆಟ್ಟಿಗೆಗಳು ಬಂದವು. ಒಂದನ್ನು ಚಾಮರಾಜನಗರದ ಎಕ್ಸ್‌ಚೇಂಜಿನಲ್ಲಿ ಕೂರಿಸಿದರು, ಇನ್ನೊಂದನ್ನು ಇಲ್ಲಿ ನಮ್ಮಲ್ಲಿ. ತಂದವರು ಇಬ್ಬರು ಇಂಜಿನಿಯರುಗಳು, ಬಿಳಿ ಶರ್ಟು, ಒಳ್ಳೆಯ ಮಾತು. ನಾನು ನಿನ್ನ ಅಪ್ಪ ಅಂತ ಅವರಿಗೆ ಹೇಳಲಿಲ್ಲ. ಆಗಷ್ಟೇ ಕೇಬಲ್ ಗುಂಡಿಯಿಂದ ಎದ್ದು ಬಂದಿದ್ದೆ, ಖಾಕಿ ಅಂಗಿ ತುಂಬ ಮಣ್ಣು. ನಿನಗೇಕೆ ಮುಜುಗರ ಅಂತ ದೂರ ನಿಂತಿದ್ದೆ. ಇದನ್ನು ಕೇಳಿ ನಿನ್ನ ಅವ್ವ ನನಗೆ ಮಂಗಳಾರತಿ ಮಾಡಿದಳು.

ಇಪ್ಪತ್ತಾರು ವರ್ಷ ಜಾಯಿಂಟರನಾಗಿ ತಾಮ್ರದ ತಂತಿ ಜೋಡಿಸಿದವನು ನಾನು. ತಾಮ್ರಕ್ಕೆ ಕಪಟವಿಲ್ಲ. ಒಳಗೆ ಕರೆಂಟು ಇದ್ದರೆ ಒದ್ದೆ ಬೆರಳಿಗೆ ಚುರುಕ್ ಅಂತ ಹೇಳಿಬಿಡುತ್ತದೆ. ಬೆಳಕಿನಲ್ಲಿ ಮಾತು ಒಯ್ಯುವ ಈ ಗಾಜಿನ ಎಳೆ ಮಾತ್ರ ಏನನ್ನೂ ಹೇಳುವುದಿಲ್ಲ. ಕೂದಲಿನಷ್ಟು ಸಣ್ಣದು, ಮುಟ್ಟಿದರೆ ತಣ್ಣಗಿರುತ್ತದೆ. ಚೂರು ಬೆರಳಿಗೆ ಹೊಕ್ಕರೆ ಹುಡುಕಿದರೂ ಸಿಗುವುದಿಲ್ಲ. ಗುಂಡಿಗೆ ಇಳಿದಾಗೆಲ್ಲ ನನಗೆ ಒಳಗೊಳಗೇ ಹೆದರಿಕೆ. ಆಫೀಸಿನಲ್ಲಿ ಹೇಳಿಕೊಂಡರೆ ನಗುತ್ತಾರೆ, ಅದಕ್ಕೆ ನಿನಗೆ ಹೇಳುತ್ತಿದ್ದೇನೆ.

ಹಾಗಾಗಿ ನಾನೂ ಬೀರಯ್ಯನೂ ತಾಮ್ರದ ಕಾಲದ ಪದ್ಧತಿಯನ್ನೇ ಇಟ್ಟುಕೊಂಡಿದ್ದೇವೆ. ಅವನು ಚಾಮರಾಜನಗರದಲ್ಲಿ ಸ್ವಿಚ್ಚಿನ ಮುಂದೆ, ನಾನು ಗುಂಡಿಯಲ್ಲಿ. ಗುಂಡ್ಲುಪೇಟೆ ಕಡೆಯ ಎಳೆಯ ತುದಿಯನ್ನು ನಾನೇ ಬಿಚ್ಚಿಟ್ಟು ಹೊರಡುತ್ತೇನೆ. ಅವನ ಕಡೆಯ ಬೆಳಕನ್ನು ಅವನು ಆರಿಸಿ, ಹಳೆಯ ತಾಮ್ರದ ತಂತಿಗೆ ಸಿಕ್ಕಿಸಿದ ಫೋನಿನಲ್ಲಿ ಮೂರು ಸಲ ಹೇಳಬೇಕು, ಕೊನೆಗೆ ತನ್ನ ಹೆಸರು ಹೇಳಬೇಕು. "ಆಫು, ಆಫು, ಆಫು. ನಾನು ಬೀರಯ್ಯ." ಆಮೇಲೇ ನಾನು ಕೈ ಹಾಕುವುದು. ಒಂದು ದಿನ ಎರಡೇ ಸಲ ಹೇಳಿದ. ನಾನು ಬೀಡಿ ಹಚ್ಚಿಕೊಂಡು ಸುಮ್ಮನೆ ಕೂತೆ. "ನಿಂಗೆಲ್ಲೋ ಹುಚ್ಚು ಕಣ ಶಿವಣ್ಣ" ಅಂದು ಮೂರನೆಯದನ್ನೂ ಹೇಳಿದ.

ಫೋನು ಯಾಕೆ ಮಾಡುವುದಿಲ್ಲ ಅಂತ ಕೇಳುತ್ತೀಯ. ಲೈನಿನ ಮೇಲೆ ಊರವರ ಸಂಸಾರವನ್ನೆಲ್ಲ ಕೇಳಿಸಿಕೊಂಡವನು ನಾನು. ನನ್ನ ಮನೆಯ ಮಾತು ಲಕೋಟೆಯೊಳಗೇ ಇರಲಿ.

ಆ ಪೆಟ್ಟಿಗೆ ಏನು ಮಾಡುತ್ತದೆ, ನನಗೆ ಅರ್ಥವಾಗುವ ಹಾಗೆ ಬರೆ.

ಇಂತಿ ನಿನ್ನ ಅಪ್ಪ
ಶಿವಸ್ವಾಮಿ

*

ಮದರಾಸು
24 ಏಪ್ರಿಲ್ 1998

ಅಪ್ಪನಿಗೆ ನಮಸ್ಕಾರ.

ನೀವು ಆ ಇಬ್ಬರ ಹತ್ತಿರ ಹೇಳಿಕೊಳ್ಳಲಿಲ್ಲ ಅಂತ ನನಗೂ ಸಿಟ್ಟು ಬಂದಿದೆ. ಅವರಿಬ್ಬರೂ ನನ್ನ ಜೊತೆ ಸಂಶೋಧನೆ ಮಾಡುವವರು. ಪೆಟ್ಟಿಗೆಯ ಕಬ್ಬಿಣ, ತಗಡು ಅವರದು. ಒಳಗಿನ ಬುದ್ಧಿ ನನ್ನದು, ಮೂರು ವರ್ಷ ಕೂತು ಬರೆದ ಪ್ರೋಗ್ರಾಮು.

ಕೇಬಲ್ ಕಡಿದರೆ ಈಗ ಏನಾಗುತ್ತದೆ ಹೇಳಿ. ನೀವು ಹೋಗಿ ಜೋಡಿಸುವವರೆಗೆ ಗುಂಡ್ಲುಪೇಟೆ ಮೂಕ. ಇನ್ನು ಮೇಲೆ ತೆರಕಣಾಂಬಿ ದಾರಿಯ ಎಳೆ ಕಡಿದರೆ, ಪೆಟ್ಟಿಗೆ ಎಲ್ಲ ಮಾತನ್ನೂ ನಂಜನಗೂಡಿನ ದಾರಿಗೆ ತಿರುಗಿಸಿಬಿಡುತ್ತದೆ. ಕಣ್ಣು ಮಿಟುಕಿಸುವುದರೊಳಗೆ. ಮಾತಾಡುತ್ತಿರುವವರಿಗೆ ಗೊತ್ತೂ ಆಗುವುದಿಲ್ಲ. ಹೊಸ ಜಿಲ್ಲೆ, ಹೊಸ ಕಚೇರಿಗಳು ಅಂತ ನಿಮ್ಮ ಕಡೆಯೇ ಪರೀಕ್ಷೆ ಮಾಡಲು ಒಪ್ಪಿಗೆ ಸಿಕ್ಕಿತು. ನನ್ನ ಪಾಲಿಗೆ ಅದು ಹಬ್ಬ. ಪೆಟ್ಟಿಗೆ ಇನ್ನೂ ಏನೇನೋ ಮಾಡುತ್ತದೆ, ಎಲ್ಲ ಬರೆದರೆ ನಿಮಗೆ ನಿದ್ದೆ ಬರುತ್ತದೆ.

ಒಂದು ಮಾತು ಮಾತ್ರ ನೆನಪಿಡಿ. ಆ ಎಳೆಯೊಳಗಿನ ಬೆಳಕು ಕಣ್ಣಿಗೆ ಕಾಣುವುದಿಲ್ಲ. ಕಾಣದಿದ್ದರೂ ಸುಡುತ್ತದೆ. ಉರಿಯುತ್ತಿರುವ ಎಳೆಯೊಳಗೆ ಯಾವತ್ತೂ ಇಣುಕಬೇಡಿ. ಮೂರು ಸಲದ ಪದ್ಧತಿ ಬಿಡಬೇಡಿ. ಬೀರಯ್ಯ ಮಾವನಿಗೆ ನಾನು ಕೇಳಿದೆ ಅಂತ ಹೇಳಿ.

ನಿಮ್ಮ ಮಗಳು
ರಂಜಿನಿ

*

ಮದರಾಸು
17 ಜುಲೈ 1998

ಅಪ್ಪ,

ಓಡಿ ಬಂದು ಬರೆಯುತ್ತಿದ್ದೇನೆ. ಮಂಗಳವಾರ ತೆರಕಣಾಂಬಿಯ ಹತ್ತಿರ ನೀರಿನ ಪೈಪಿಗೆ ಅಗೆಯುವವರು ಕೇಬಲ್ ಕಡಿದರಂತಲ್ಲ! ಪೆಟ್ಟಿಗೆ ಕೆಲಸ ಮಾಡಿತು ಅಪ್ಪ. ಒಬ್ಬರ ಮಾತೂ ನಿಲ್ಲಲಿಲ್ಲ. ಚಾಮರಾಜನಗರದಿಂದ ಸುದ್ದಿ ಬಂದ ತಕ್ಷಣ ಇಲ್ಲಿ ಸಿಹಿ ಹಂಚಿದೆವು. ನಮ್ಮ ಪ್ರೊಫೆಸರ್ ನನ್ನ ಬೆನ್ನು ತಟ್ಟಿದರು. ಜೋಡಿಸಲು ಹೋದವರು ನೀವೇ ಇರಬೇಕು. ನನ್ನ ಪೆಟ್ಟಿಗೆಯೂ ನೀವೂ ಒಂದೇ ದಿನ ಒಂದೇ ಕೇಬಲಿನ ಮೇಲೆ ದುಡಿದಿರಿ ಅಂತ ಎಲ್ಲರಿಗೂ ಹೇಳಿಕೊಂಡು ಓಡಾಡುತ್ತಿದ್ದೇನೆ.

ರಂಜಿನಿ

*

ಗುಂಡ್ಲುಪೇಟೆ
20 ಜುಲೈ 1998

ರಂಜಿನಿ,

ಅವ್ವ ಬರೆಯುವುದು. ಅಪ್ಪನಿಗೆ ತಿಳಿಯದ ಹಾಗೆ ಬರೆಯುತ್ತಿದ್ದೇನೆ. ತಪ್ಪಿದ್ದರೆ ಹೊಂದಿಸಿಕೊಂಡು ಓದು.

ಹೋದ ಮಂಗಳವಾರ ಅಪ್ಪ ತೆರಕಣಾಂಬಿಯಿಂದ ಬಂದವರು ಊಟ ಮಾಡಲಿಲ್ಲ. ತಲೆನೋವು ಅಂದರು. ಮೂರು ದಿನ ಹಾಗೇ ಇದ್ದರು. ನಾಲ್ಕನೆಯ ದಿನ ಎಡಗಣ್ಣು ಉಜ್ಜಿಕೊಳ್ಳುತ್ತ ಅನ್ನದ ತಟ್ಟೆಯಲ್ಲಿ ಉಪ್ಪಿನಕಾಯಿ ಎಲ್ಲಿ ಅಂತ ಕೇಳಿದರು. ಎದುರಿಗೇ ಇತ್ತು. ಕೂರಿಸಿ ಕೇಳಿದೆ. "ಬಲಗಣ್ಣಲ್ಲಿ ನಡುಮಧ್ಯಕ್ಕೆ ಎಂಟಾಣೆ ಅಗಲ ಕಪ್ಪು ಕೂತದೆ ಕಣೆ ನೀಲಾ. ಆ ಕಣ್ಣಲ್ಲಿ ಯಾರ ಮುಖ ನೋಡುದ್ರೂ ಮೂಗು ಬಾಯಿ ಇಲ್ಲ" ಅಂದರು.

ಮೈಸೂರಿಗೆ ಕರೆದುಕೊಂಡು ಹೋಗಿದ್ದೆ. ಕಣ್ಣಿನ ಡಾಕ್ಟರು ಹನಿ ಹಾಕಿ ಬಹಳ ಹೊತ್ತು ನೋಡಿದರು. ಒಳಗೆ ಸುಟ್ಟಿದೆ, ಏನನ್ನು ನೋಡಿದಿರಿ, ಸೂರ್ಯನನ್ನಾ ಅಂತ ಕೇಳಿದರು. ಬಸ್ಸಿನಲ್ಲಿ ಬರುವಾಗ ಅಪ್ಪನದು ಒಂದೇ ಮಾತು, "ಬೀರ ಆರಿಸ್ಲಿಲ್ಲ. ಬಾಯಲ್ಲಿ ಯೋಳ್ಬುಟ್ಟ, ಕೈಯಲ್ಲಿ ಆರಿಸ್ಲಿಲ್ಲ."

ಎಡಗಣ್ಣೂ ಹೋದೀತೇನೋ ಅಂತ ಅವರಿಗೆ ಹೆದರಿಕೆ. ದಿನಕ್ಕೆ ಹತ್ತು ಸಲ ಬಲಗಣ್ಣು ಮುಚ್ಚಿ ಕ್ಯಾಲೆಂಡರ್ ನೋಡುತ್ತಾರೆ. ನೋಡಿದ ಮೇಲೆ ನನಗೆ ಓದಿ ಹೇಳುತ್ತಾರೆ, ಸರಿಯಾ ಅಂತ ಕೇಳುತ್ತಾರೆ. ನಿನಗೆ ಹೇಳಬೇಡ ಅಂದಿದ್ದಾರೆ. ನನ್ನ ಕೈಲಿ ಆಗಲಿಲ್ಲ.

ನಿನ್ನ ಅವ್ವ
ನೀಲಾವತಿ

*

ಗುಂಡ್ಲುಪೇಟೆ
4 ಆಗಸ್ಟ್ 1998

ಮಗಳೇ,

ನಿನ್ನ ಎರಡೂ ಕಾಗದ ಬಂದವು. ಸಿಹಿ ಹಂಚಿದ್ದು ಒಂದು, ಅವ್ವ ಬರೆದದ್ದು ಕಂಡು ಗಾಬರಿಯಾದದ್ದು ಒಂದು. ಅವ್ವ ಬಾಯಿ ಬಿಟ್ಟಳಲ್ಲ, ಇರಲಿ. ಸಾಲು ಸೊಟ್ಟ ಹೋಗುತ್ತಿದೆ, ಹೊಂದಿಸಿಕೋ.

ಯಾವ ದಿನ, ಎಷ್ಟು ಗಂಟೆ ಅಂತ ಕೇಳಿದ್ದೀಯ. ಜುಲೈ ಹದಿನಾಲ್ಕು, ಮಧ್ಯಾಹ್ನ. ಕಡಿದ ಜಾಗದ ಕೆಸರು ತೆಗೆಸಿ, ಹನ್ನೆರಡು ದಾಟಿದ ಮೇಲೆ ಬೀರಯ್ಯನಿಗೆ ಫೋನು ಹಚ್ಚಿದೆ. ಅವನು ಮೂರು ಸಲ ಹೇಳಿದ, ಹೆಸರೂ ಹೇಳಿದ. ನಾನು ಎಳೆ ಕತ್ತರಿಸಿ, ತುದಿ ನೆಟ್ಟಗೆ ಬಂದಿದೆಯೋ ಇಲ್ಲವೋ ಅಂತ ಕೈಮಸೂರ ಹಿಡಿದು ನೋಡಿದೆ. ಪ್ರತಿ ಎಳೆಗೂ ನೋಡಲೇಬೇಕು, ಇಲ್ಲದಿದ್ದರೆ ಜೋಡಣೆ ಕೂರುವುದಿಲ್ಲ. ಅವತ್ತು ಮೋಡ, ಗುಂಡಿಯೊಳಗೆ ಮಬ್ಬು. ಏನೂ ಸರಿಯಾಗಿ ಕಾಣಲಿಲ್ಲ. ಕಾಣಲಿಲ್ಲ ಅಂತಲೇ ಇನ್ನೂ ಹೆಚ್ಚು ಹೊತ್ತು ನೋಡಿದೆ.

ನೋಯಲಿಲ್ಲ ರಂಜಿನಿ. ಚುರುಕ್ ಅನ್ನಲೂ ಇಲ್ಲ. ಅದೇ ನನಗೆ ಹೆದರಿಕೆ. ಮೇಲೆದ್ದು ಬಂದು ಎಡಗಣ್ಣು ಉಜ್ಜಿಕೊಳ್ಳುತ್ತ ಬಸ್ಸಿನ ಬೋರ್ಡು ನೋಡಿದರೆ ಊರಿನ ಹೆಸರಿಲ್ಲ.

ಆಫೀಸಿಗೆ ಬರೆದು ಕೊಟ್ಟಿದ್ದೇನೆ, ಬೀರಯ್ಯ ಆರಿಸದೆ ಆರಿಸಿದೆ ಅಂದ ಅಂತ. ಅವನಿಗೆ ಮೆಮೊ ಕೊಟ್ಟು ಮನೆಯಲ್ಲಿ ಕೂರಿಸಿದ್ದಾರೆ. ಸೆಪ್ಟೆಂಬರಿನಲ್ಲಿ ವಿಚಾರಣೆ. ನನ್ನನ್ನು ನೋಡಲು ಬಂದಿದ್ದ. ಬಾಗಿಲು ತೆಗೆಯಬೇಡ ಅಂತ ಅವ್ವನಿಗೆ ಅಂದೆ. ಹೊರಗೆ ನಿಂತೇ ಕೂಗಿದ, "ಆರಿಸಿವ್ನಿ ಕಣಣ್ಣ, ಮಾದಪ್ಪನಾಣೆ ಆರಿಸಿವ್ನಿ." ಆರಿಸಿದ್ದರೆ ಉರಿದದ್ದು ಹೇಗೆ? ತಾನಾಗಿ ಹೊತ್ತಿಕೊಂಡಿತೇ?

ನನಗೆ ಹೆದರಿಕೆಯಾಗುತ್ತಿದೆ ಮಗಳೇ. ಜಾಯಿಂಟರನಿಗೆ ಕಣ್ಣಿಲ್ಲದಿದ್ದರೆ ಏನಿದೆ?

ಅಪ್ಪ

*

ಮದರಾಸು
10 ಆಗಸ್ಟ್ 1998

ಅಪ್ಪ,

ಪೆಟ್ಟಿಗೆ ತಾನು ಮಾಡಿದ್ದನ್ನೆಲ್ಲ ಗಂಟೆ, ನಿಮಿಷದ ಸಮೇತ ಬರೆದಿಟ್ಟುಕೊಳ್ಳುತ್ತದೆ. ಆ ದಿನದ ಹಾಳೆಗಳು ನನ್ನ ಮೇಜಿನ ಮೇಲಿವೆ. ಸಿಹಿ ಹಂಚುವ ದಿನ ನಾವು ಮೊದಲ ಹಾಳೆ ಮಾತ್ರ ಓದಿದ್ದೆವು.

12.20ಕ್ಕೆ ಚಾಮರಾಜನಗರದ ಬೆಳಕನ್ನು ಕೈಯಿಂದ ಆರಿಸಲಾಗಿದೆ. ಅದು ಬೀರಯ್ಯ ಮಾವ. 12.21ಕ್ಕೆ ಪೆಟ್ಟಿಗೆ ತಾನೇ ಅದನ್ನು ಹೊತ್ತಿಸಿದೆ, ಎರಡು ಸೆಕೆಂಡು. 12.22ಕ್ಕೆ ಮತ್ತೆ. 12.23ಕ್ಕೆ ಮತ್ತೆ. ಹೀಗೆ ನಲವತ್ತೊಂದು ಸಲ. ಸ್ವಿಚ್ಚಿನ ಕೆಂಪು ದೀಪ ಮಾತ್ರ ಆರಿಯೇ ಇತ್ತು.

ನಾನೇ ಹಾಗೆ ಬರೆದೆ. ಕಡಿದ ಎಳೆ ಸರಿಹೋಯಿತೋ ಇಲ್ಲವೋ ಅಂತ ತಿಳಿಯಲು ನಿಮಿಷಕ್ಕೊಂದು ಸಲ ಅದರೊಳಗೆ ಬೆಳಕು ಬಿಟ್ಟು ನೋಡಬೇಕು, ಆ ತುದಿಯಲ್ಲಿ ಯಾರಾದರೂ ಇದ್ದೀರಾ ಅಂತ ಕೇಳಬೇಕು. ಮಾತಿಗೆ ಬಿಡುವ ಬೆಳಕಿಗಿಂತ ಇದು ಜೋರು. ಯಾರಾದರೂ ಬೆಳಕನ್ನು ಆರಿಸಿದ್ದರೆ ಅದನ್ನೂ ಕೆಟ್ಟದ್ದೆಂದೇ ತಿಳಿದು ಮತ್ತೆ ಹೊತ್ತಿಸಬೇಕು. ಬೇಕೆಂದೇ ಕೈಯಿಂದ ಆರಿಸುವವರು ಇರುತ್ತಾರೆ, ಆರಿಸಿದ್ದನ್ನು ನಂಬಿ ಗುಂಡಿಯಲ್ಲಿ ಕೂತವರು ಇರುತ್ತಾರೆ ಅಂತ ನನಗೆ ಹೊಳೆಯಲೇ ಇಲ್ಲ. ಜಾಯಿಂಟರನ ಮನೆಯಲ್ಲಿ ಹುಟ್ಟಿದವಳಿಗೆ ಹೊಳೆಯಲಿಲ್ಲ. ಮೂರು ಸಲದ ಪದ್ಧತಿ ಬಿಡಬೇಡಿ ಅಂತ ಏಪ್ರಿಲ್‌ನಲ್ಲಿ ನಿಮಗೇ ಬರೆದೆ. ಬರೆದ ಕೈಯಲ್ಲೇ ಅದನ್ನು ಸುಳ್ಳು ಮಾಡುವ ಯಂತ್ರ ಮಾಡಿಟ್ಟಿದ್ದೆ.

ನಲವತ್ತೊಂದರಲ್ಲಿ ಯಾವುದು ನಿಮ್ಮ ಕಣ್ಣಿಗೆ ಬಿತ್ತೋ. ಈ ಸಾಲುಗಳ ಮೇಲೆ ಬೆರಳಿಟ್ಟು ಕೂತಿದ್ದೇನೆ. ಬಸ್ಸು ಹತ್ತಿ ಬರಬೇಕು. ಬಂದರೆ ನಿಮ್ಮೆದುರು ನಿಲ್ಲಬೇಕು. ನನ್ನ ಮುಖದಲ್ಲಿ ನಿಮಗೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಅಂತ ನೆನೆಸಿಕೊಂಡರೇ ಭಯವಾಗುತ್ತದೆ.

ರಂಜಿನಿ

(ಈ ಕಾಗದವನ್ನು ಅವತ್ತು ಅಂಚೆಗೆ ಹಾಕಲಿಲ್ಲ. ಮರುದಿನ ಹಾಕಿದ್ದು ಕೆಳಗಿನ ಕಾರ್ಡು.)

*

ಮದರಾಸು
11 ಆಗಸ್ಟ್ 1998

ಅಪ್ಪನಿಗೆ ನಮಸ್ಕಾರ. ಕಾಗದ ಓದಿದೆ. ಹೆದರಬೇಡಿ, ಎಡಗಣ್ಣಿಗೆ ಏನೂ ಆಗುವುದಿಲ್ಲ. ಡಾಕ್ಟರು ಹೇಳಿದ ಹಾಗೆ ನಡೆದುಕೊಳ್ಳಿ. ಇಲ್ಲಿ ಕೆಲಸ ಬಹಳ, ಈಗ ಬರಲು ಆಗುವುದಿಲ್ಲ. ರಂಜಿನಿ.

*

ಹರದನಹಳ್ಳಿ
28 ಆಗಸ್ಟ್ 1998

ರಂಜಿನಿಗೆ ಬೀರಯ್ಯ ಮಾವ ಮಾಡುವ ಆಶೀರ್ವಾದ.

ನಿನ್ನ ವಿಳಾಸವನ್ನು ನಿಮ್ಮ ಅವ್ವನ ಹತ್ತಿರ ಇಸಿದುಕೊಂಡೆ. ನಿನಗೆ ಬರೆಯಬಾರದು ಅಂತ ಹದಿನೈದು ದಿನ ತಡೆದುಕೊಂಡಿದ್ದೆ.

ಆ ಪೆಟ್ಟಿಗೆಯ ವಿದ್ಯೆ ತಿಳಿದವಳು ನೀನು. ನನಗೆ ಒಂದು ವಿಷಯ ಹೇಳಬೇಕು. ಅವತ್ತು ನಾನು ಆರಿಸಿದೆನೋ ಇಲ್ಲವೋ ಅಂತ ಪೆಟ್ಟಿಗೆಗೆ ಗೊತ್ತಿರುತ್ತದೆಯೇ?

ನನ್ನನ್ನು ಉಳಿಸು ಅಂತ ಕೇಳುತ್ತಿಲ್ಲ. ಮೊದಲು ನನಗೆ ಖಾತ್ರಿ ಇತ್ತು. ಸ್ವಿಚ್ಚು ಕೆಳಗೆ ಒತ್ತಿದ್ದು, ಕೆಂಪು ದೀಪ ಆರಿದ್ದು ಕಣ್ಣಿಗೆ ಕಟ್ಟಿತ್ತು. ಆದರೆ ಎಲ್ಲರೂ ಕೇಳಿದರು. ನನ್ನ ಹೆಂಡತಿ ಈರಮ್ಮನೂ ಕೇಳಿದಳು, "ನೀ ಆರಿಸಿದ್ರೆ ಅಣ್ಣಯ್ಯನ ಕಣ್ಣು ಸುಟ್ಟುದ್ದು ಎಂಗೆ?" ಅಂತ. ಈಗ ನನಗೇ ಅನುಮಾನ. ಇಪ್ಪತ್ತು ವರ್ಷ ಹೇಳಿ ಹೇಳಿ ಬಾಯಿ ಪಾಠವಾಗಿದೆ. ಬಾಯಿ ಮೂರು ಸಲ ಹೇಳಿತು, ಕೈ ಸುಮ್ಮನೆ ತೊಡೆಯ ಮೇಲೆ ಇತ್ತೇನೋ. ಮನೆಯ ಲೈಟಿನ ಸ್ವಿಚ್ಚು ಆರಿಸಿದರೂ ತಿರುಗಿ ಬಂದು ಮುಟ್ಟಿ ನೋಡುತ್ತೇನೆ. ಶಿವಣ್ಣನ ಕಣ್ಣು ತೆಗೆದವನು ನಾನೇ ಆದರೆ ವಿಚಾರಣೆಯಲ್ಲಿ ಒಪ್ಪಿಕೊಂಡುಬಿಡುತ್ತೇನೆ. ಕೆಲಸ ಹೋಗಲಿ. ಗೊತ್ತಿಲ್ಲದೆ ಬದುಕುವುದು ನನ್ನ ಕೈಲಿ ಆಗುವುದಿಲ್ಲ.

ಹದಿನೈದನೆಯ ತಾರೀಖು ಕರೆದಿದ್ದಾರೆ. ಅದರೊಳಗೆ ಒಂದು ಸಾಲು ಬರೆ ತಾಯಿ.

ಬೀರಯ್ಯ

*

ಮದರಾಸು
2 ಸೆಪ್ಟೆಂಬರ್ 1998

ಅಪ್ಪ,

ಇದರ ಜೊತೆ ಆಗಸ್ಟ್ ಹತ್ತರ ಒಂದು ಕಾಗದ ಇದೆ. ಅದನ್ನು ಮೊದಲು ಓದಿ. ನಿಮಗೆ ಕಷ್ಟವಾದರೆ ಅವ್ವನ ಕೈಲಿ ಓದಿಸಿ. ಅವತ್ತೇ ಬರೆದಿದ್ದೆ, ಕಳಿಸಲು ಧೈರ್ಯ ಬರಲಿಲ್ಲ. ನನ್ನ ಸಂಶೋಧನೆ ಹೋಗುತ್ತದೆ ಅಂತ ಹೆದರಿದೆ. ಅದಕ್ಕಿಂತ ಹೆಚ್ಚಾಗಿ ನಿಮಗೆ ಹೆದರಿದೆ. ಇಪ್ಪತ್ತಮೂರು ದಿನ ಬಾಯಿ ಮುಚ್ಚಿಕೊಂಡಿದ್ದೆ, ಅಷ್ಟೂ ದಿನ ಬೀರಯ್ಯ ಮಾವ ತಮ್ಮ ಕೈಯನ್ನೇ ನಂಬದೆ ಕೂತಿದ್ದರು. ನಿನ್ನೆ ಅವರ ಕಾಗದ ಬಂತು.

ಪೆಟ್ಟಿಗೆಯ ಹಾಳೆಗಳ ನಕಲನ್ನು ನಿಮ್ಮ ಆಫೀಸಿಗೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದ್ದೇನೆ. ಬೀರಯ್ಯ ಮಾವನಿಗೂ ಒಂದು. ನಮ್ಮ ಪ್ರೊಫೆಸರಿಗೆ ಎಲ್ಲ ಹೇಳಿದೆ. ಪೆಟ್ಟಿಗೆಗಳನ್ನು ಇವತ್ತೇ ಬಿಚ್ಚಿಸುತ್ತೇನೆ ಅಂದರು. ನನ್ನ ಪ್ರಬಂಧ ಈ ವರ್ಷ ಇಲ್ಲ. ಮುಂದಿನ ವರ್ಷ ಇರುತ್ತದೆಯೋ ಇಲ್ಲವೋ ಗೊತ್ತಿಲ್ಲ.

ಏಪ್ರಿಲ್‌ನಲ್ಲಿ ನಮ್ಮವರು ನಿಮ್ಮ ಹತ್ತಿರ ಒಂದೇ ಒಂದು ಮಾತು ಕೇಳಿದ್ದರೆ ಸಾಕಿತ್ತು, ಗುಂಡಿಗೆ ಇಳಿಯುವ ಮುಂಚೆ ಏನು ಮಾಡುತ್ತೀರಿ ಅಂತ. ನಾನಂತೂ ಕೇಳಬೇಕಾಗಿಯೇ ಇರಲಿಲ್ಲ. ನಿಮ್ಮ ಕಾಗದ ನನ್ನ ಕೈಯಲ್ಲೇ ಇತ್ತು.

ಕ್ಷಮಿಸಿ ಅಂತ ಬರೆದರೆ ಸಣ್ಣದಾಗುತ್ತದೆ. ಆದರೂ ಬರೆಯುತ್ತೇನೆ, ಕ್ಷಮಿಸಿ. ನೀವು ಬಾ ಅನ್ನುವವರೆಗೆ ಬರುವುದಿಲ್ಲ.

ರಂಜಿನಿ

*

ಗುಂಡ್ಲುಪೇಟೆ
4 ಅಕ್ಟೋಬರ್ 1998

ರಂಜಿನಿ,

ಬೇರೆಯವರ ಅಕ್ಷರ ನೋಡಿ ಗಾಬರಿಯಾಗಬೇಡ. ನನ್ನ ಎಡಗಣ್ಣು ಚೆನ್ನಾಗಿದೆ. ಬಲಗಣ್ಣಿನ ಕಪ್ಪು ಹೋಗುವುದಿಲ್ಲ ಅಂತ ಡಾಕ್ಟರು ಖಡಾಖಂಡಿತ ಹೇಳಿದರು, ಬೆಳೆಯುವುದೂ ಇಲ್ಲವಂತೆ. ಬರೆಯಲು ಕೂತರೆ ಸಾಲು ಒಂದರ ಮೇಲೊಂದು ಹತ್ತುತ್ತವೆ, ಅದಕ್ಕೆ ಹೇಳಿ ಬರೆಸುತ್ತಿದ್ದೇನೆ. ಬರೆಯುತ್ತಿರುವವನು ಬೀರಯ್ಯ.

ತಿಂಗಳು ಉತ್ತರ ಕೊಡಲಿಲ್ಲ. ಕೊಡುವ ಮನಸ್ಸಿರಲಿಲ್ಲ. ನಿನ್ನ ಕಾಗದವನ್ನು ಹರಿದುಹಾಕಲು ಹೋದೆ. ಅವ್ವ ಕಿತ್ತುಕೊಂಡಳು. "ಅರಿದಾಕುದ್ರೆ ಬೀರಣ್ಣನ ಮುಂದೆ ಏನ್ ಇಡ್ಕಂಡು ಓಗೀರಿ?" ಅಂದಳು. ಅದನ್ನೇ ಹಿಡಿದು ಹರದನಹಳ್ಳಿಗೆ ಬಸ್ಸು ಹತ್ತಿದೆ. ಇವನು ಹಸುವಿಗೆ ಹುಲ್ಲು ಹಾಕುತ್ತಿದ್ದ. ನನ್ನನ್ನು ನೋಡಿ ಹುಲ್ಲು ಕೆಳಗೆ ಬೀಳಿಸಿದ. ನೀನು ಕಳಿಸಿದ ಹಾಳೆ ಅವನಿಗೂ ಬಂದಿತ್ತಂತೆ, ಆದರೂ ನನ್ನ ಬಾಯಿಂದ ಬರಲಿ ಅಂತ ಕಾದಿದ್ದ. "ನೀ ಆರಿಸಿದ್ದೆ ಕಣ್ಲಾ ಬೀರ. ಹನ್ನೆರಡು ಇಪ್ಪತ್ತಕ್ಕೆ ಆರಿಸಿದ್ದೆ" ಅಂದೆ. ಅವನು ಕೂತು ಗೊಳೋ ಅಂತ ಅತ್ತ.

(ಅತ್ತವನು ನಿಮ್ಮಪ್ಪ. ಪೆನ್ನು ನನ್ನ ಕೈಲಿ ಇದೆ, ಇದ್ದದ್ದನ್ನು ಬರೆಯುತ್ತೇನೆ. ಬೀರಯ್ಯ.)

ಕೋಪ ಇದೆಯಾ ಅಂದರೆ ಇದೆ. ಬಸ್ಸಿನ ಬೋರ್ಡು ಸರಿಯಾಗಿ ಕಾಣದಾಗೆಲ್ಲ ಬರುತ್ತದೆ. ಆದರೆ ನಿನ್ನ ಕಾಗದದ ಒಂದು ಮಾತು ತಲೆಯಿಂದ ಹೋಗುತ್ತಿಲ್ಲ. ನಿನ್ನ ಪೆಟ್ಟಿಗೆ ನಿಮಿಷಕ್ಕೊಂದು ಸಲ, ಆ ತುದಿಯಲ್ಲಿ ಯಾರಾದರೂ ಇದ್ದೀರಾ ಅಂತ ಕೇಳುತ್ತಿತ್ತು ಅಂದೆಯಲ್ಲ. ಇದ್ದೆ ಕಣಮ್ಮಿ. ನಾನೇ ಇದ್ದೆ.

ಆ ಪೆಟ್ಟಿಗೆಯನ್ನು ಬಿಟ್ಟುಹಾಕಬೇಡ. ಅವತ್ತು ಊರಿನ ಒಬ್ಬರ ಮಾತೂ ನಿಲ್ಲಲಿಲ್ಲ ಅನ್ನುವುದೂ ನಿಜ. ಒಂದು ಬದಲಾಯಿಸು. ಮನುಷ್ಯ ಆರಿಸಿದ್ದನ್ನು ಮನುಷ್ಯನೇ ಹೊತ್ತಿಸಬೇಕು. ಗುಂಡಿಯಿಂದ ಮೇಲೆ ಬಂದೆ ಅಂತ ಒಳಗಿದ್ದವನು ಮೂರು ಸಲ ಹೇಳಬೇಕು, ಹೆಸರು ಹೇಳಬೇಕು, ಆಮೇಲೆ ಅದು ಬೆಳಕು ಬಿಡಲಿ. ಹೇಗೆ ಅಂತ ಬರೆಯುವುದು ನಿನ್ನ ವಿದ್ಯೆ. ಈ ಸಲ ಬಂದು ನನ್ನನ್ನೂ ಬೀರನನ್ನೂ ಕೂರಿಸಿಕೊಂಡು ಬರೆ. ಬಾ. ಅವ್ವ ದಿನಾ ದಾರಿ ನೋಡುತ್ತಾಳೆ.

ಶುಕ್ರವಾರ ಮತ್ತೆ ತೆರಕಣಾಂಬಿಯಲ್ಲಿ ಕೇಬಲ್ ಕಡಿಯಿತು. ಬೇರೆ ಜಾಯಿಂಟರ್ ಇರಲಿಲ್ಲ, ನಾನೇ ಹೋದೆ. ಬೀರನನ್ನು ಕೆಲಸಕ್ಕೆ ವಾಪಸು ಕರೆದಿದ್ದಾರೆ, ಅವನೇ ಸ್ವಿಚ್ಚಿನ ಮುಂದೆ ಇದ್ದ. ಪೆಟ್ಟಿಗೆ ಅಲ್ಲಿಲ್ಲ, ಬಿಚ್ಚಿ ಕಳಿಸಿ ತಿಂಗಳಾಗಿದೆ, ನನಗೆ ಗೊತ್ತು. ಅವನು ಮೂರು ಸಲ ಹೇಳಿದ, ಹೆಸರು ಹೇಳಿದ. ಎಳೆ ನನ್ನ ಕೈಯಲ್ಲಿತ್ತು, ಮಸೂರ ಇನ್ನೊಂದು ಕೈಯಲ್ಲಿ. ಕಣ್ಣಿನ ಹತ್ತಿರ ತರಲು ಆಗಲಿಲ್ಲ. ಉಳಿದಿರುವುದು ಒಂದೇ ಕಣ್ಣು ರಂಜಿನಿ.

ಫೋನು ಎತ್ತಿಕೊಂಡು "ಇನ್ನೊಂದ್ಸಲ ಯೋಳ್ಲಾ ಬೀರ" ಅಂದೆ.

ಅವನು ನನ್ನನ್ನು ಹುಚ್ಚ ಅನ್ನಲಿಲ್ಲ. ನಾಲ್ಕನೆಯ ಸಲ ಹೇಳಿದ.

ಇಂತಿ ನಿನ್ನ ಅಪ್ಪ
ಶಿವಸ್ವಾಮಿ
(ಸಹಿ ಅವರದೇ. ಸೊಟ್ಟಗಿದೆ, ಆದರೆ ಅವರದೇ. ಬೀರಯ್ಯ.)